ಅಪ್ಪ ನಡೆದಾಡಬಹುದಾದ ಊರು

ಟೆಕ್ಸಾಸಿನ ಪ್ಲೇನೋದಲ್ಲಿದ್ದ ನಮ್ಮ ಮನೆಗೆ ಅಪ್ಪ, ಅಮ್ಮ ಮೊದಲ ಸಲ ಬಂದದ್ದು 2014ರ ಏಪ್ರಿಲ್‌ನಲ್ಲಿ. ಬಂದ ಮೂರನೆಯ ದಿನ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿನ ದಾರ ಕಟ್ಟಿಕೊಂಡು ಬಾಗಿಲ ಬಳಿ ನಿಂತು ಕೇಳಿದರು: “ಪೇಪರ್ ತರುವುದಕ್ಕೆ ಯಾವ ಕಡೆ ಹೋಗಬೇಕಮ್ಮ?”

ನಾನು ಸುಮ್ಮನೆ ನಿಂತೆ. ಆ ಮನೆ ಕೊಂಡು ಒಂದೂವರೆ ವರ್ಷವಾಗಿತ್ತು. ಶಾಲೆ ಎಷ್ಟು ದೂರ, ಕಚೇರಿಗೆ ಎಷ್ಟು ನಿಮಿಷ, ವಿಮಾನ ನಿಲ್ದಾಣಕ್ಕೆ ಯಾವ ಹೆದ್ದಾರಿ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ನಡೆದು ಹೋಗಿ ಒಂದು ವಸ್ತು ಕೊಂಡು ಬರುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಒಂದು ಸಲವೂ ನಾನು ಹಾಗೆ ಹೋಗಿರಲಿಲ್ಲ. ಹತ್ತಿರದ ಅಂಗಡಿ ಎರಡೂವರೆ ಕಿಲೋಮೀಟರ್ ದೂರದಲ್ಲಿತ್ತು. ನಡುವೆ ಆರು ಪಥದ ರಸ್ತೆ. ಆ ರಸ್ತೆಯ ಎರಡೂ ಬದಿಗೆ ಬಡಾವಣೆಗಳ ಇಟ್ಟಿಗೆ ಗೋಡೆ. ಫುಟ್‌ಪಾತ್ ಇರಲಿಲ್ಲವೆಂದಲ್ಲ, ಅಚ್ಚುಕಟ್ಟಾದ ಫುಟ್‌ಪಾತ್ ಇತ್ತು. ಅದರ ಮೇಲೆ ನಡೆದು ತಲುಪುವ ಜಾಗವಿರಲಿಲ್ಲ.

ಅಪ್ಪ ಅಂಚೆ ಇಲಾಖೆಯವರು. ಪೋಸ್ಟ್‌ಮನ್ ಆಗಿ ಸೇರಿ, ಪರೀಕ್ಷೆ ಬರೆದು ಮೇಲೆ ಬಂದು, ಪೋಸ್ಟ್‌ಮಾಸ್ಟರ್ ಆಗಿ ಅರಸೀಕೆರೆಯಲ್ಲಿ ನಿವೃತ್ತರಾದವರು. ಕುರ್ಚಿ ಬದಲಾದರೂ ಅವರು ಊರನ್ನು ನೋಡುತ್ತಿದ್ದುದು ಬೀಟ್ ಲೆಕ್ಕದಲ್ಲಿಯೇ, ಅಂದರೆ ಪೋಸ್ಟ್‌ಮನ್ನನ ದಿನದ ಸುತ್ತಿನ ಲೆಕ್ಕದಲ್ಲಿಯೇ. ಯಾವ ಓಣಿ ಯಾವ ಬೀದಿಗೆ ಕೂಡುತ್ತದೆ, ಯಾರ ಮನೆಯ ಮುಂದೆ ನೆರಳಿದೆ, ಎಲ್ಲಿ ಒಂದು ಲೋಟ ನೀರು ಕೇಳಬಹುದು ಎಂಬುದು ಅವರ ಭೂಗೋಳ. ನಿವೃತ್ತಿಯಾದ ಮೇಲೂ ಪ್ರತಿ ಸಂಜೆ ಮನೆಯಿಂದ ರೈಲ್ವೆ ನಿಲ್ದಾಣದವರೆಗೆ ನಡೆದು, ಒಂದು ಗಾಡಿ ಬಂದು ಹೋಗುವವರೆಗೂ ಕುಳಿತು, ಮರಳುತ್ತಿದ್ದರು. ಅರಸೀಕೆರೆ ಜಂಕ್ಷನ್ ಆದ್ದರಿಂದ ಯಾವ ಹೊತ್ತಿಗೆ ಹೋದರೂ ಒಂದು ಗಾಡಿ ಇರುತ್ತಿತ್ತು, ಒಬ್ಬ ಪರಿಚಯದವರು ಸಿಗುತ್ತಿದ್ದರು. ಅಂಥ ಮನುಷ್ಯನನ್ನು ನಾನು ಮೂರು ಕೋಣೆ, ಎರಡು ಕಾರು, ಒಂದು ಹುಲ್ಲುಹಾಸು ಇರುವ ಮನೆಯಲ್ಲಿ ಆರು ತಿಂಗಳು ಕೂರಿಸಿದೆ.

ಆ ಮನೆಯನ್ನು ನಾವು ಹುಡುಗಾಟಕ್ಕೆ ಕೊಂಡಿರಲಿಲ್ಲ. 2008ರಲ್ಲಿ ಮಿನಿಯಾಪೊಲಿಸ್‌ಗೆ ಬಂದಿಳಿದು ನಾಲ್ಕು ಚಳಿಗಾಲ ಕಳೆದಿದ್ದೆವು. ಮೂಗಿನೊಳಗಿನ ತೇವವೂ ಹೆಪ್ಪುಗಟ್ಟುವ ಚಳಿ ಅದು. ಆ ಚಳಿಗಾಗಿಯೇ ಅಲ್ಲಿನ ಪೇಟೆಯ ಕಟ್ಟಡಗಳನ್ನು ಎರಡನೆಯ ಅಂತಸ್ತಿನ ಎತ್ತರದಲ್ಲಿ ಗಾಜಿನ ಸೇತುವೆಗಳಿಂದ ಜೋಡಿಸಿದ್ದಾರೆ. ಹೊರಗೆ ಕಾಲಿಡದೆ ಮೈಲುಗಟ್ಟಲೆ ನಡೆಯಬಹುದು. ಮಗ ಹುಟ್ಟಿದ ಮೇಲೆ ಬಿಸಿಲು ಬೇಕೆನಿಸಿತು. ನಾನೂ ನನ್ನ ಪತಿಯೂ ರಾತ್ರಿಗಳನ್ನು ಕಳೆದು ಒಂದು ದೊಡ್ಡ ಪಟ್ಟಿ ಮಾಡಿದೆವು. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಮನೆಯ ಬೆಲೆ ಕ್ಯಾಲಿಫೋರ್ನಿಯಾದ ಮೂರನೇ ಒಂದರಷ್ಟು. ಶಾಲೆಗೆ ಹತ್ತಕ್ಕೆ ಒಂಬತ್ತು ಅಂಕ. ಪರಿಚಯದ ಕನ್ನಡದ ಮನೆಗಳು ಹದಿನೈದು ನಿಮಿಷದ ಕಾರು ದಾರಿಯಲ್ಲಿ ಹತ್ತಾರು. ಇಪ್ಪತ್ತಮೂರು ಕಲಮುಗಳಿದ್ದ ಆ ಪಟ್ಟಿಯಲ್ಲಿ ಪ್ಲೇನೋ ಗೆದ್ದಿತು. ಕಾರು ಓಡಿಸದ ಒಬ್ಬ ವ್ಯಕ್ತಿ ಅಲ್ಲಿ ಹಗಲು ಹೇಗೆ ಕಳೆಯುತ್ತಾನೆ ಎಂಬ ಕಲಮು ಆ ಪಟ್ಟಿಯಲ್ಲಿ ಇರಲಿಲ್ಲ.

ಅಪ್ಪ ದೂರಲಿಲ್ಲ. ಬೆಳಿಗ್ಗೆ ಐದೂವರೆಗೆ, ಬಿಸಿಲೇರುವ ಮುನ್ನ, ಬಡಾವಣೆಯೊಳಗೆ ಸುತ್ತು ಹಾಕತೊಡಗಿದರು. ಆ ರಸ್ತೆಗಳು ಬಳುಕಿ ಬಳುಕಿ ಹೋಗಿ ಕೊನೆಗೆ ಒಂದು ದುಂಡನೆಯ ಅಂಗಳದಲ್ಲಿ ನಿಂತುಬಿಡುತ್ತವೆ. ಯಾವ ರಸ್ತೆಯೂ ಇನ್ನೊಂದು ಊರಿಗೆ ಹೋಗುವುದಿಲ್ಲ. ಒಂದು ಬೆಳಿಗ್ಗೆ ಅವರನ್ನು ನೋಡಿದ ಹೆಂಗಸೊಬ್ಬರು ಕಾರು ನಿಲ್ಲಿಸಿ, ಸಹಾಯ ಬೇಕೇ, ಎಲ್ಲಿಗೆ ಬಿಡಲಿ ಎಂದು ಕೇಳಿದರಂತೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಆದರೆ ನಡೆಯುತ್ತಿರುವವನು ತೊಂದರೆಯಲ್ಲಿರಬೇಕು ಎಂದು ಆ ಊರು ಭಾವಿಸುತ್ತದೆ ಎಂಬುದು ಅಪ್ಪನಿಗೆ ಅರ್ಥವಾಯಿತು. ಜೂನ್ ಹೊತ್ತಿಗೆ ಸುತ್ತು ನಿಂತಿತು. ಮಧ್ಯಾಹ್ನ ಮೂರಕ್ಕೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಅಂಚೆಯ ಬಿಳಿ ಗಾಡಿ ಬರುವುದನ್ನು ಕಾಯುವುದು ಅವರ ದಿನದ ದೊಡ್ಡ ಕಾರ್ಯಕ್ರಮವಾಯಿತು. ಗಾಡಿಯಿಂದ ಇಳಿಯದೆಯೇ ಕೈ ಚಾಚಿ ಪೆಟ್ಟಿಗೆಗೆ ಪತ್ರ ಹಾಕುವ ಅಂಚೆಯವನನ್ನು ನೋಡಿ, “ಇವನಿಗೂ ನಡೆಯುವುದಕ್ಕೆ ಬಿಟ್ಟಿಲ್ಲ ನೋಡು” ಎಂದರು ಅಮ್ಮನಿಗೆ. ನಾನು ಅಡುಗೆಮನೆಯಲ್ಲಿದ್ದೆ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅಕ್ಟೋಬರ್‌ನಲ್ಲಿ ಅವರು ಮರಳಿದರು. ಮರುವರ್ಷ ಫೆಬ್ರವರಿಯಲ್ಲಿ, ಅಂದರೆ 2015ರಲ್ಲಿ, ಅಲಬಾಮಾದ ಮ್ಯಾಡಿಸನ್ ಎಂಬ ಊರಿನಲ್ಲಿ ಗುಜರಾತಿನ ಐವತ್ತೇಳು ವರ್ಷದ ಅಜ್ಜನೊಬ್ಬರು ಮಗನ ಮನೆಯ ಮುಂದಿನ ಬೀದಿಯಲ್ಲಿ ನಡೆದಾಡುತ್ತಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲೆಂದು ಬಂದು ಕೆಲವೇ ದಿನಗಳಾಗಿದ್ದವು. ಅಪರಿಚಿತನೊಬ್ಬ ಮನೆಗಳನ್ನು ನೋಡುತ್ತ ನಡೆಯುತ್ತಿದ್ದಾನೆಂದು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಬಂದ ಅಧಿಕಾರಿಗಳಿಗೆ ಆ ಅಜ್ಜ ತನಗೆ ಇಂಗ್ಲಿಷ್ ಬರುವುದಿಲ್ಲವೆಂದು ಹೇಳಿದರು, ಮಗನ ಮನೆಯ ಕಡೆ ಕೈ ತೋರಿಸಿದರು. ಒಬ್ಬ ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದ. ಕತ್ತಿನ ಮೂಳೆಗೆ ಪೆಟ್ಟಾಗಿ ಅವರ ದೇಹದ ಒಂದು ಭಾಗ ಸ್ವಾಧೀನ ತಪ್ಪಿತು. ಅಪ್ಪ ಅರಸೀಕೆರೆಯಲ್ಲಿ ಅದನ್ನು ಪೇಪರಿನಲ್ಲಿ ಓದಿ ಫೋನ್ ಮಾಡಿದರು. ಅವರು ಕೇಳಿದ್ದು ಒಂದೇ: “ಆ ಊರು ನಿಮ್ಮ ಊರಿನ ಹತ್ತಿರವೇ?” ಅಲ್ಲಪ್ಪ, ಬಹಳ ದೂರ ಎಂದೆ. ದೂರ ನಿಜ. ಆದರೆ ಬೀದಿಗಳು ಒಂದೇ ಬಗೆಯವು. 2016ರಲ್ಲಿ ಮತ್ತೆ ಬಂದಾಗ ಅಪ್ಪ ನಮ್ಮ ವಿಳಾಸವನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು. ನಮ್ಮಲ್ಲಿ ಒಬ್ಬರು ಜೊತೆಗಿಲ್ಲದೆ ಹೊಸಿಲು ದಾಟಲಿಲ್ಲ.

ಅಂದಿನಿಂದ ನಾನು ಊರುಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಈ ದೇಶದ ಬಡಾವಣೆಗಳು ತಾವಾಗಿಯೇ ಹೀಗೆ ಬೆಳೆದವು ಎಂದುಕೊಂಡಿದ್ದೆ; ಓದಿದಾಗ ತಿಳಿಯಿತು, ಹೀಗೆ ಇರಲೆಂದೇ ಕಾನೂನು ಮಾಡಿ ಕಟ್ಟಿದ್ದಾರೆ. ಮನೆಗಳಿರುವ ಕಡೆ ಅಂಗಡಿ ಇರಬಾರದು, ಬಾಡಿಗೆಯ ಕಟ್ಟಡವೂ ಇರಬಾರದು ಎಂದು ಊರನ್ನು ವಲಯಗಳಾಗಿ ಕತ್ತರಿಸುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಇದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1926ರಲ್ಲಿ, ಓಹಾಯೋದ ಯೂಕ್ಲಿಡ್ ಎಂಬ ಪುಟ್ಟ ಊರಿನ ಮೊಕದ್ದಮೆಯಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳ ಮೇಲೆ ಲೆವಿಟೌನ್ ಎದ್ದಿತು: ಸಾವಿರಾರು ಮನೆ, ಒಂದೇ ಅಚ್ಚು, ಮತ್ತು ಬಿಳಿಯರಲ್ಲದವರು ವಾಸಿಸಬಾರದೆಂಬ ಲಿಖಿತ ಷರತ್ತು. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂದಿತು. ಮನೆ ಕೊಡುವಾಗ ಬಣ್ಣ ನೋಡಬಾರದೆಂಬ ಕಾನೂನು ಬರಲು 1968ರವರೆಗೆ ಕಾಯಬೇಕಾಯಿತು. ಭಾರತದಿಂದ ಹೆಚ್ಚಿನ ಸಂಖ್ಯೆಯಲ್ಲಿ ಜನ ಬರಲು ದಾರಿ ತೆರೆದದ್ದೇ 1965ರ ವಲಸೆ ಕಾನೂನು. ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮಂಥವರಿಗೆ ಸಿಗದಿದ್ದ ಆಯ್ಕೆಯನ್ನು ಹಿಡಿದು ನಾವಿಂದು ಅಂಕಪಟ್ಟಿ ಮಾಡುತ್ತೇವೆ. ಮಾಡಬಾರದೆಂದಲ್ಲ. ಆದರೆ ಆ ಪಟ್ಟಿಯ ಅಂಕಗಳು ಎಲ್ಲಿಂದ ಬಂದವು ಎಂಬುದು ಗೊತ್ತಿರಬೇಕು. ಶಾಲೆಯ ಖರ್ಚಿನ ದೊಡ್ಡ ಪಾಲು ಆ ಊರಿನ ಮನೆ ತೆರಿಗೆಯಿಂದ ಬರುತ್ತದೆ. ಬೆಲೆಬಾಳುವ ಮನೆಗಳಿರುವ ಕಡೆ ಶಾಲೆಗೆ ಹಣ, ಆ ಶಾಲೆಗಾಗಿ ಮನೆಗೆ ಮತ್ತಷ್ಟು ಬೆಲೆ. ಹತ್ತಕ್ಕೆ ಒಂಬತ್ತು ಎಂಬ ಅಂಕದಲ್ಲಿ ಮೇಷ್ಟ್ರ ಪಾಠಕ್ಕಿಂತ ತಂದೆ ತಾಯಿಯ ಸಂಬಳವೇ ಹೆಚ್ಚು ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

ಹಾಗಾದರೆ ನಡೆದಾಡುವ ಊರುಗಳು ಎಲ್ಲಿವೆ? ಕಾರು ಬರುವುದಕ್ಕೆ ಮುಂಚೆ ಕಟ್ಟಿದ ಕಡೆ ಇವೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ನಗರಗಳಲ್ಲಿ ವಿದ್ಯುತ್ ಟ್ರಾಮ್ ಬಂದಾಗ, ಹಳಿಯ ಗುಂಟ ಮನೆಗಳು, ನಿಲ್ದಾಣದ ಸುತ್ತ ಅಂಗಡಿಗಳು ಬೆಳೆದವು. ಇಳಿದು ಐದಾರು ನಿಮಿಷ ನಡೆದರೆ ಮನೆ. ಹೆಚ್ಚಿನ ಕಡೆ ಟ್ರಾಮ್ ಹೋಗಿ ಎಷ್ಟೋ ವರ್ಷಗಳಾಗಿದ್ದರೂ ಆ ಬೀದಿಗಳ ಅಳತೆ ಮನುಷ್ಯನ ಕಾಲಿನ ಅಳತೆಯಾಗಿಯೇ ಉಳಿದಿದೆ. ಅಂಥ ಬಡಾವಣೆಗಳು ಬಾಸ್ಟನ್, ಷಿಕಾಗೊ, ಫಿಲಡೆಲ್ಫಿಯಾ, ಕ್ಲೀವ್‌ಲ್ಯಾಂಡ್ ಎಲ್ಲೆಡೆ ಇವೆ. ಒಂದೋ ಕೈಗೆ ಎಟುಕದಷ್ಟು ದುಬಾರಿ, ಇಲ್ಲವೇ ದಶಕಗಳ ಕಾಲ ಯಾರೂ ಹಣ ಹಾಕದೆ ಸೊರಗಿಸಿದ ಜಾಗಗಳು.

2018ರಲ್ಲಿ ನಮಗೆ ಊರು ಬಿಡುವ ಅವಕಾಶ ಬಂದಿತು. ಅವಕಾಶ ಎನ್ನುವ ಮಾತನ್ನು ಎಚ್ಚರದಿಂದ ಬಳಸುತ್ತಿದ್ದೇನೆ. ನಾವು ಆಗಲೂ ಕಂಪನಿಯ ಕೆಲಸಕ್ಕೆ ಅಂಟಿಕೊಂಡ ಎಚ್-1ಬಿ ವೀಸಾದಲ್ಲಿದ್ದೆವು, ಇಂದಿಗೂ ಕಾಯಂ ವಾಸದ ಗ್ರೀನ್ ಕಾರ್ಡ್ ಸರದಿಯಲ್ಲಿದ್ದೇವೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲವೆಂಬ ಮಿತಿಯಿಂದಾಗಿ ಭಾರತದಲ್ಲಿ ಹುಟ್ಟಿದವರ ಸಾಲು ದಶಕಗಳಷ್ಟು ಉದ್ದವಾಗಿದೆ. ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಲು ಅರವತ್ತು ದಿನ. “ನೆಲೆಸುವುದು” ಎಂಬ ಕ್ರಿಯಾಪದವನ್ನು ನಮ್ಮಂಥವರು ಈ ಅರವತ್ತು ದಿನಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಬಳಸಬೇಕು. ಆದ್ದರಿಂದ ಊರು ಆರಿಸುವಾಗ ಒಂದು ಕಂಪನಿಯನ್ನು ನಂಬುವಂತಿಲ್ಲ; ಈ ಕೆಲಸ ಹೋದರೆ ಅದೇ ಊರಿನಲ್ಲಿ ಇನ್ನೊಂದು ಬಾಗಿಲು ಇದೆಯೇ ಎಂದು ನೋಡಲೇಬೇಕು. ಹೊಸದಾಗಿ ಬಂದ ಹುಡುಗ ಹುಡುಗಿಯರು ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ. ಹವೆ, ತೆರಿಗೆ, ದೇವಸ್ಥಾನ ಎಲ್ಲ ಆಮೇಲೆ.

ಈ ಸಲ ಹಳೆಯ ಪಟ್ಟಿಯನ್ನು ತೆರೆಯಲಿಲ್ಲ. ಪ್ರತಿ ಊರಿಗೂ ಹೋಗಿ, ಕಾರು ಬಾಡಿಗೆಗೆ ತೆಗೆದುಕೊಳ್ಳದೆ, ಎರಡು ದಿನ ಇದ್ದು ನೋಡುವುದೆಂದು ನಿರ್ಧರಿಸಿದೆವು. ಉತ್ತರ ಕ್ಯಾರೊಲೈನಾದ ರಾಲೀ, ಕ್ಯಾರಿ ಕಡೆಗೆ ಹೋದಾಗ ಮನಸ್ಸು ತುಂಬ ಸೆಳೆಯಿತು. ಮೂರು ದೊಡ್ಡ ವಿಶ್ವವಿದ್ಯಾಲಯಗಳ ನಡುವೆ 1959ರಲ್ಲಿ ಹುಟ್ಟಿದ ಸಂಶೋಧನಾ ಪಾರ್ಕ್ ಇರುವುದರಿಂದ ಕೆಲಸದ ಬಾಗಿಲುಗಳು ಬಹಳ. ಪೈನ್ ಮರಗಳು, ಹದವಾದ ಚಳಿ, ಕ್ಯಾರಿಯಲ್ಲಿ ಚೆಂದದ ವೆಂಕಟೇಶ್ವರ ದೇವಸ್ಥಾನ. ಆದರೆ ಕಾರಿಲ್ಲದ ಎರಡು ದಿನಗಳಲ್ಲಿ ನಾವು ಹೋಟೆಲಿನಿಂದ ಹೊರಗೆ ಬಂದದ್ದು ಬಾಡಿಗೆ ಟ್ಯಾಕ್ಸಿಯಲ್ಲಿಯೇ. ಪ್ಲೇನೋಗೆ ಮರಗಳನ್ನು ನೆಟ್ಟಂತೆ ಕಂಡಿತು. ಸಿಯಾಟಲ್ ನಡೆದಾಡುವ ಊರು, ಆದರೆ ಬೆಲೆ ನಮ್ಮದಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂಕಾಲು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಮಾತೇ ಎತ್ತಲಿಲ್ಲ. ಅಲ್ಲಿ 1978ರ ಮತದಾನದ ತೀರ್ಮಾನದಿಂದಾಗಿ ಮನೆ ಕೈ ಬದಲಾಗುವವರೆಗೆ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆದ್ದರಿಂದ ಮೊದಲು ಬಂದು ಕೊಂಡವರು ಕಡಿಮೆ ತೆರಿಗೆಯಲ್ಲಿ ನೆಮ್ಮದಿಯಾಗಿ ಕುಳಿತಿರುತ್ತಾರೆ, ತಡವಾಗಿ ಬಂದವರು ಪೂರ್ತಿ ಭಾರ ಹೊರುತ್ತಾರೆ.

ನ್ಯೂಜೆರ್ಸಿಯ ಎಡಿಸನ್ ಇನ್ನೇನು ಗೆದ್ದೇಬಿಟ್ಟಿತ್ತು. ಓಕ್ ಟ್ರೀ ರಸ್ತೆಯಲ್ಲಿ ನಡೆಯುವಾಗ, ಒಗ್ಗರಣೆಯ ವಾಸನೆ, ಸೀರೆ ಅಂಗಡಿ, ಫುಟ್‌ಪಾತಿನ ಮೇಲೆ ನಿಂತು ಹರಟುವ ಹಿರಿಯರು, ಎಲ್ಲವನ್ನೂ ನೋಡಿ ಕಣ್ಣು ತುಂಬಿಬಂದಿತು. ನ್ಯೂಯಾರ್ಕ್‌ಗೆ ರೈಲಿದೆ. ಬೃಂದಾವನ ಎಂಬ ಗಟ್ಟಿಯಾದ ಕನ್ನಡ ಕೂಟವಿದೆ. ಆದರೆ ಮನೆ ತೆರಿಗೆಯಲ್ಲಿ ಇಡೀ ದೇಶಕ್ಕೆ ಮುಂದಿರುವ ರಾಜ್ಯ ಅದು. ನಮಗೆ ಸಿಕ್ಕ ಸಂಬಳದಲ್ಲಿ ಓಕ್ ಟ್ರೀ ರಸ್ತೆಗೆ ನಡೆದು ಹೋಗುವಷ್ಟು ಹತ್ತಿರದ ಮನೆ ಸಿಗಲಿಲ್ಲ. ಸಿಕ್ಕವುಗಳಿಂದ ಮತ್ತೆ ಕಾರೇ ಗತಿ. ಹಣ ಕೂಡಿಬಂದಿದ್ದರೆ ಈ ಬರಹ ಅಲ್ಲಿಂದಲೇ ಬರುತ್ತಿತ್ತು.

ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನಮ್ಮ ಮನಸ್ಸಿನಲ್ಲೇ ಇರಲಿಲ್ಲ. ನನಗೊಂದು ಕೆಲಸದ ಕರೆ ಬಂದದ್ದರಿಂದ ನೋಡಲು ಹೋದೆವು. ಅಲಘೇನಿ, ಮೊನೊಂಗಹೀಲಾ ಎಂಬ ಎರಡು ನದಿಗಳು ಕೂಡಿ ಓಹಾಯೋ ನದಿಯಾಗುವ ಸಂಗಮದ ಮೇಲಿನ ಊರು. ಒಂದು ಕಾಲಕ್ಕೆ ಇಡೀ ದೇಶಕ್ಕೆ ಉಕ್ಕು ಕೊಟ್ಟದ್ದು. 1950ರಲ್ಲಿ ಸುಮಾರು 6.76 ಲಕ್ಷವಿದ್ದ ನಗರದ ಜನಸಂಖ್ಯೆ 2020ರ ಹೊತ್ತಿಗೆ ಮೂರು ಲಕ್ಷಕ್ಕೆ ಇಳಿದಿತ್ತು. ಉಪನಗರಗಳಿಗೆ ಹೋದವರು ಕೆಲವರಾದರೆ, 1980ರ ದಶಕದಲ್ಲಿ ಕುಲುಮೆಗಳು ಆರಿದಾಗ ಕೆಲಸ ಹುಡುಕಿಕೊಂಡು ಊರನ್ನೇ ಬಿಟ್ಟವರು ಬಹಳ. ಆ ದುಃಖದ ಒಂದು ಫಲವೇನೆಂದರೆ, ಕಾಲಿನ ಅಳತೆಯಲ್ಲಿ ಕಟ್ಟಿದ ಹಳೆಯ ಬೀದಿಗಳು ಉಳಿದವು, ಅವುಗಳ ಬೆಲೆ ಮುಗಿಲು ಮುಟ್ಟಲಿಲ್ಲ. ವಿಶ್ವವಿದ್ಯಾಲಯಗಳೂ ಆಸ್ಪತ್ರೆಗಳೂ ಈಗ ಊರಿನ ಅನ್ನದಾತರು. ನನಗೆ ಬೇಕಾದ ಎರಡನೆಯ ಬಾಗಿಲು, ಮೂರನೆಯ ಬಾಗಿಲು ಅಲ್ಲಿ ಕಂಡವು.

ಸ್ಕ್ವಿರಲ್ ಹಿಲ್ ಎಂಬ ಬಡಾವಣೆಯಲ್ಲಿ ನಾವು ಉಳಿದುಕೊಂಡದ್ದು ಒಂದು ಶುಕ್ರವಾರ. ಮರುದಿನ ಬೆಳಿಗ್ಗೆ ಕಿಟಕಿ ತೆರೆದರೆ ಬೀದಿಯ ತುಂಬ ಜನ ನಡೆಯುತ್ತಿದ್ದಾರೆ! ಕಪ್ಪು ಕೋಟು ತೊಟ್ಟ ಗಂಡಸರು, ಉದ್ದ ಲಂಗದ ಹೆಂಗಸರು, ತಳ್ಳುಗಾಡಿಯಲ್ಲಿ ಕೂಸು, ಅಜ್ಜನ ಕೈ ಹಿಡಿದ ಮಕ್ಕಳು. ಸಂಪ್ರದಾಯಸ್ಥ ಯಹೂದಿಗಳು ಸಬ್ಬತ್ ಎಂಬ ಶನಿವಾರದ ವಿಶ್ರಾಂತಿ ದಿನ ವಾಹನ ಹತ್ತುವುದಿಲ್ಲ. ಆದ್ದರಿಂದ ಪ್ರಾರ್ಥನಾ ಮಂದಿರ ನಡೆಯುವಷ್ಟು ಹತ್ತಿರದಲ್ಲಿಯೇ ಇರಬೇಕು. ಬೇರೆ ನಗರಗಳಲ್ಲಿ ಅನೇಕ ಯಹೂದಿ ಕುಟುಂಬಗಳು ಉಪನಗರಗಳಿಗೆ ಹೊರಟುಹೋದಾಗಲೂ ಇಲ್ಲಿಯವರು ದೊಡ್ಡ ಸಂಖ್ಯೆಯಲ್ಲಿ ನಗರದೊಳಗೇ ಉಳಿದರು. ಅವರು ಉಳಿದದ್ದರಿಂದ ಬೇಕರಿ ಉಳಿಯಿತು, ದಿನಸಿ ಅಂಗಡಿ ಉಳಿಯಿತು, ಚಪ್ಪಲಿ ಹೊಲಿಯುವವನು ಉಳಿದ. ನಮ್ಮ ಕಡೆಯ ರಥಬೀದಿಯ ಹಾಗೆ, ಒಂದು ನಂಬಿಕೆ ಒಂದು ಬೀದಿಯನ್ನು ಕಾಪಾಡಿತ್ತು.

ನಾವು ಹೋಗುವುದಕ್ಕೆ ಕೆಲವು ತಿಂಗಳ ಮೊದಲು, 2018ರ ಅಕ್ಟೋಬರ್ 27ರ ಶನಿವಾರ ಬೆಳಿಗ್ಗೆ, ಅದೇ ಬಡಾವಣೆಯ ಟ್ರೀ ಆಫ್ ಲೈಫ್ ಮಂದಿರಕ್ಕೆ ಬಂದೂಕು ಹಿಡಿದು ನುಗ್ಗಿದ ಒಬ್ಬ ಹನ್ನೊಂದು ಜನರನ್ನು ಕೊಂದಿದ್ದ. ಅವನ ದ್ವೇಷ ಯಹೂದಿಗಳ ಮೇಲೆ ಮಾತ್ರವಲ್ಲ, ವಲಸಿಗರಿಗೆ ಅವರು ನೆರವಾಗುತ್ತಾರೆ ಎಂಬುದರ ಮೇಲೂ ಇತ್ತು. ಅಪ್ಪನ ಸುರಕ್ಷೆಗಾಗಿ ಊರು ಹುಡುಕುತ್ತಿದ್ದ ನಾನು ಆ ಬೀದಿಯಲ್ಲಿ ನಿಂತು ಬಹಳ ಹೊತ್ತು ಯೋಚಿಸಿದೆ. ಆ ಮಂದಿರದ ಬೇಲಿಯುದ್ದಕ್ಕೂ ಹೂವು ಇದ್ದವು. ಅಷ್ಟಾದ ಮೇಲೂ ಶನಿವಾರ ಬೆಳಿಗ್ಗೆ ಜನ ಮಕ್ಕಳ ಕೈ ಹಿಡಿದು ಅದೇ ಬೀದಿಯಲ್ಲಿ ನಡೆಯುತ್ತಿದ್ದರು. ಇಲ್ಲಿ ಒಬ್ಬ ಮುದುಕ ನಡೆದರೆ ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ ಎಂದು ನನಗೆ ಅನ್ನಿಸಿತು. ಪತಿಯ ಕಡೆ ನೋಡಿದೆ. ಅವರಿಗೂ ಅದೇ ಅನ್ನಿಸಿತ್ತು.

2019ರ ವಸಂತದಲ್ಲಿ ನಾವು ಬಂದೆವು. ಕಳೆದುಕೊಂಡದ್ದನ್ನೂ ಹೇಳಬೇಕು. ಟೆಕ್ಸಾಸಿನಲ್ಲಿ ಇಲ್ಲದ ಆದಾಯ ತೆರಿಗೆ ಇಲ್ಲಿ ರಾಜ್ಯಕ್ಕೆ ಶೇಕಡಾ 3.07, ನಗರ ಮತ್ತು ಶಾಲೆಗೆ ಸೇರಿ ಇನ್ನೊಂದು ಶೇಕಡಾ 3. ಪ್ಲೇನೋದ ಮನೆ ತೆರಿಗೆ ಬೆಲೆಯ ಶೇಕಡಾ ಎರಡರ ಆಸುಪಾಸಿನಲ್ಲಿತ್ತಾದ್ದರಿಂದ ಸ್ವಲ್ಪ ಸರಿದೂಗುತ್ತದೆ, ಪೂರ್ತಿ ಅಲ್ಲ. ಮೋಡ ಕವಿದ ದಿನಗಳು ಹೆಚ್ಚು. ಗಾಳಿ ಕೆಲವು ಬೆಳಿಗ್ಗೆ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಮೊನೊಂಗಹೀಲಾ ದಡದಲ್ಲಿ ಇನ್ನೂ ನಡೆಯುತ್ತಿರುವ ಕೋಕ್ ಕಾರ್ಖಾನೆಯ ಹೊಗೆಯದು, ಮಗನಿಗೆ ಕೆಮ್ಮು ಬಂದಾಗೆಲ್ಲ ಅದೇ ನೆನಪಾಗುತ್ತದೆ. ಹಳೆಯ ಇಟ್ಟಿಗೆಯ ಮನೆಗೆ ಬೀದಿಯಿಂದ ಹತ್ತಬೇಕಾದ ಮೆಟ್ಟಿಲು ಹದಿನಾಲ್ಕು. ನೂರಾರು ಸೇತುವೆ, ನೂರಾರು ಮೆಟ್ಟಿಲು ದಾರಿಗಳಿರುವ ಗುಡ್ಡದ ಊರಿದು, ಮಂಡಿ ನೋವಿನವರಿಗೆ ಸುಲಭವಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕನ್ನಡದ ಮನೆಗಳು ಕಡಿಮೆ. ಪ್ಲೇನೋದಲ್ಲಿ ಮಗ ಓರಗೆಯವರ ಜೊತೆ ಕನ್ನಡದಲ್ಲಿ ಜಗಳವಾಡುತ್ತಿದ್ದ. ಇಲ್ಲಿ ಅವನ ಕನ್ನಡಕ್ಕೆ ನಾವಿಬ್ಬರೇ ಊರು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ 1970ರ ದಶಕದ್ದು, ಅಮೆರಿಕದ ಬಹಳ ಹಳೆಯ ಹಿಂದೂ ದೇವಸ್ಥಾನಗಳಲ್ಲಿ ಒಂದು. ಅದಕ್ಕೆ ಕಾರು ಬೇಕೇ ಬೇಕು.

ಅಪ್ಪ, ಅಮ್ಮ ಆ ವರ್ಷ ಮೇ ತಿಂಗಳಲ್ಲಿ ಬಂದರು. ಮೂರನೆಯ ದಿನ ಬೆಳಿಗ್ಗೆ ಅಪ್ಪ ಬೂಟಿನ ದಾರ ಕಟ್ಟಿಕೊಂಡರು. ಈ ಸಲ ನನ್ನನ್ನು ಕೇಳಲಿಲ್ಲ. ಹದಿನಾಲ್ಕು ಮೆಟ್ಟಿಲು ಇಳಿದು, ಎಡಕ್ಕೂ ಬಲಕ್ಕೂ ನೋಡಿ, ಇಳಿಜಾರಿನ ಕಡೆಗೆ ಹೊರಟರು. ಎರಡು ಗಂಟೆ ಕಳೆದರೂ ಬರಲಿಲ್ಲ. ಹುಡುಕಲು ಹೊರಟವಳು ಫೋರ್ಬ್ಸ್ ಮತ್ತು ಮರ್ರೇ ಬೀದಿಗಳು ಕೂಡುವ ಮೂಲೆಯ ಗ್ರಂಥಾಲಯದಲ್ಲಿ ಅವರನ್ನು ಕಂಡೆ. ದೊಡ್ಡ ಕಿಟಕಿಯ ಪಕ್ಕ ಕುಳಿತು ಇಂಗ್ಲಿಷ್ ಪತ್ರಿಕೆಯನ್ನು ಮೊದಲ ಪುಟದಿಂದ ಓದುತ್ತಿದ್ದರು. ಆಂಡ್ರೂ ಕಾರ್ನೆಗಿ ಉಕ್ಕಿನ ಹಣದಿಂದ ಈ ಊರಿಗೆ ಕೊಟ್ಟುಹೋದ ಗ್ರಂಥಾಲಯ ವ್ಯವಸ್ಥೆಯ ಶಾಖೆ ಅದು. ಒಳಗೆ ಬಂದು ಕೂರಲು ಯಾರನ್ನೂ ಕೇಳಬೇಕಾಗಿಲ್ಲ, ಏನನ್ನೂ ಕೊಳ್ಳಬೇಕಾಗಿಲ್ಲ.

ಒಂದು ವಾರದೊಳಗೆ ಅಪ್ಪ ಅಂಚೆ ಕಚೇರಿ ಪತ್ತೆ ಮಾಡಿದರು. ಕೌಂಟರಿನವರಿಗೆ ತಾನೂ ಅಂಚೆಯವನೆಂದು ತಮ್ಮ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿಕೊಂಡು, ಅರಸೀಕೆರೆಯ ಗೆಳೆಯರಿಗೆಲ್ಲ ಸ್ಟ್ಯಾಂಪ್ ಹಚ್ಚಿ ಕಾರ್ಡ್ ಬರೆದರು. ಇಲ್ಲಿಯ ಅಂಚೆಯವರು ಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆಗೂ ನಡೆದೇ ಹೋಗುತ್ತಾರೆ. ಅದನ್ನು ನೋಡಿದ ದಿನ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಪ್ಲೇನೋದ ಯಾವ ದಿನದಲ್ಲಿಯೂ ಕಂಡಿರಲಿಲ್ಲ. ರಷ್ಯಾದಿಂದ ಬಂದ ಹಿರಿಯರೊಬ್ಬರು ಬೆಂಚಿನ ಗೆಳೆಯರಾದರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದರು. ಅರವತ್ತೈದು ದಾಟಿದ ನಿವಾಸಿಗಳಿಗೆ ಪೆನ್ಸಿಲ್ವೇನಿಯಾದಲ್ಲಿ ಬಸ್ಸು ಉಚಿತ, ಆ ಹಣ ರಾಜ್ಯದ ಲಾಟರಿಯಿಂದ ಬರುತ್ತದೆ ಎಂಬುದನ್ನು ಆ ರಷ್ಯಾದವರಿಂದ ತಿಳಿದುಕೊಂಡು ಬಂದು ನನಗೆ ವರದಿ ಒಪ್ಪಿಸಿದವರು ಅಪ್ಪನೇ. ಅಮ್ಮ ಅಷ್ಟು ದೂರ ನಡೆಯಲಾರರು. ಅವರಿಗೆ ಮನೆಯ ಮುಂದಿನ ಮೆಟ್ಟಿಲೇ ಜಗಲಿಯಾಯಿತು. ಹೋಗಿ ಬರುವವರು ನಿಂತು ಮಾತನಾಡಿಸುತ್ತಿದ್ದರು.

ಅಕ್ಟೋಬರ್‌ನಲ್ಲಿ ಅವರನ್ನು ಕಳಿಸಿಕೊಟ್ಟಾಗ ಮರುವರ್ಷದ ಟಿಕೆಟ್ಟಿನ ಮಾತು ಆಗಿತ್ತು. ಮರುವರ್ಷ 2020. 2021ರ ಮೇ ತಿಂಗಳ ಎರಡನೆಯ ವಾರ ಅರಸೀಕೆರೆಯಲ್ಲಿ ಅಪ್ಪ ತೀರಿಕೊಂಡರು. ಅದೇ ತಿಂಗಳ 4ರಿಂದ ಭಾರತದಲ್ಲಿದ್ದು ಬರುವ, ಪೌರರೂ ಗ್ರೀನ್ ಕಾರ್ಡಿನವರೂ ಅಲ್ಲದ ಹೆಚ್ಚಿನವರ ಪ್ರವೇಶವನ್ನು ಅಮೆರಿಕ ನಿರ್ಬಂಧಿಸಿತ್ತು. ನನ್ನ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿಯೂ ಮುಗಿದಿತ್ತು, ಹೊಸ ಮುದ್ರೆ ಹಾಕಿಸಿಕೊಳ್ಳಲು ದೂತಾವಾಸದಲ್ಲಿ ದಿನ ಸಿಗುತ್ತಿರಲಿಲ್ಲ. ಹೋದರೆ ಯಾವಾಗ ಮರಳುತ್ತೇನೆಂದು ಹೇಳುವಂತಿರಲಿಲ್ಲ. ಮಗನಿಗೆ ಹನ್ನೊಂದು ವರ್ಷ. ನಾನು ಹೋಗಲಿಲ್ಲ. ಈ ದೇಶದ ಯಾವ ಊರನ್ನು ಆರಿಸಿಕೊಂಡಿದ್ದರೂ ಇದು ಹೀಗೆಯೇ ಆಗುತ್ತಿತ್ತು. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಅದು ಒಳಗೆ ಇಳಿಯುವುದಿಲ್ಲ.

ಅದೇ ವರ್ಷ ಫೆಬ್ರವರಿಯಲ್ಲಿ ಟೆಕ್ಸಾಸಿನ ವಿದ್ಯುತ್ ಜಾಲ ಹಿಮಕ್ಕೆ ಕುಸಿದು, ನಮ್ಮ ಪ್ಲೇನೋದ ಗೆಳೆಯರು ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿ ಮಕ್ಕಳಿಗೆ ಕಂಬಳಿ ಹೊದಿಸಿ ಕಾರಿನೊಳಗೆ ಕೂತಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ, ಹವಾಮಾನ ಬದಲಾವಣೆಯ ಕಾಟವಿಲ್ಲದ ಊರೆಂದು ಎಷ್ಟೋ ಜನ ನಂಬಿದ್ದ ಉತ್ತರ ಕ್ಯಾರೊಲೈನಾದ ಆಶ್ವಿಲ್ ಅನ್ನು ಮುಳುಗಿಸಿತು. ಇವುಗಳನ್ನು ನೋಡಿ ಆಯ್ದುಕೊಂಡದ್ದೇ ಸರಿಯಾಯಿತೆಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ. ಆ ಗೆಳೆಯರು ಇಂದಿಗೂ ಪ್ಲೇನೋದಲ್ಲಿದ್ದಾರೆ, ಅಲ್ಲಿಯೇ ಸುಖವಾಗಿದ್ದಾರೆ. ಅವರ ಅಪ್ಪ ಅಮ್ಮ ನಡೆಯಬಯಸುವವರಲ್ಲ, ವಾರಕ್ಕೆ ಮೂರು ದಿನ ಹತ್ತು ಕನ್ನಡದ ಮನೆಗಳವರೊಡನೆ ಕೂಡಿ ಭಜನೆ ಮಾಡುತ್ತಾರೆ. ಅವರಿಗೆ ಅದೇ ಊರು.

ಅಮ್ಮ ಒಬ್ಬರೇ ಬಂದದ್ದು 2023ರ ಮೇ ತಿಂಗಳಲ್ಲಿ. ಕೈಚೀಲದಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದರು. 2019ರಲ್ಲಿ ಅಪ್ಪ ಇಲ್ಲಿ ಕುಳಿತು ಬರೆದ ನಕ್ಷೆಯಂತೆ, ನಾನು ನೋಡಿರಲಿಲ್ಲ. ನೀಲಿ ಶಾಯಿಯಲ್ಲಿ ನಮ್ಮ ಮನೆ, ಅಲ್ಲಿಂದ ಗೆರೆಗಳು, ಗೆರೆಗಳ ಪಕ್ಕ ಅವರ ದುಂಡನೆಯ ಕನ್ನಡ ಅಕ್ಷರಗಳು: ಅಂಚೆ ಕಚೇರಿ, ವಾಚನಾಲಯ, ರಷ್ಯಾದವರ ಬೆಂಚು, 61ರ ಬಸ್ ನಿಲ್ದಾಣ, ಇಲ್ಲಿ ಏರು ನಿಧಾನ, ಇಲ್ಲಿ ನಾಯಿ ಬೊಗಳುತ್ತದೆ ಏನೂ ಮಾಡುವುದಿಲ್ಲ. ಮೇಲ್ಗಡೆ ‘ಬೀಟ್ ನಂ. 1’ ಎಂದು ಬರೆದಿತ್ತು.

ಮಂಡಿಯ ಶಸ್ತ್ರಚಿಕಿತ್ಸೆ ಆಗಿದ್ದ ಅಮ್ಮ ಈ ಸಲ ನಡೆಯಬಲ್ಲವರಾಗಿದ್ದರು. ದಿನಕ್ಕೊಂದು ಗೆರೆಯಂತೆ ಆ ನಕ್ಷೆಯನ್ನು ಹಿಡಿದು ಹೋಗಿ ಬಂದರು. ಹದಿಮೂರರ ಮಗ ಶಾಲೆ ಬಿಟ್ಟ ಮೇಲೆ ಗ್ರಂಥಾಲಯಕ್ಕೆ ಒಬ್ಬನೇ ಹೋಗುತ್ತಿದ್ದವನು, ಅಜ್ಜಿಯ ಜೊತೆ ಹೋಗತೊಡಗಿದ. ದಾರಿಯುದ್ದಕ್ಕೂ ಅಜ್ಜನ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದನಂತೆ. ಜೂನ್ ಕೊನೆಯ ಒಂದು ಸಂಜೆ ಅಮ್ಮ ಊಟದ ಮೇಜಿನ ಮೇಲೆ ಕಾಗದ ಹರವಿ, ಅವನ ಪೆನ್ಸಿಲ್ ಕೇಳಿ ಪಡೆದು, ನಾಯಿಯ ಮಾತನ್ನು ಹೊಡೆದು ಹಾಕಿದರು. ಆ ನಾಯಿ ಈಗ ಇಲ್ಲ. ಮರ್ರೇ ಬೀದಿಯ ಕೆಳಗಿನ ತುದಿಯಲ್ಲಿ ಒಂದು ಚೌಕ ಬರೆದು, ಒಳಗೆ ಚೀನಾದವರ ತರಕಾರಿ ಅಂಗಡಿ, ನುಗ್ಗೆಕಾಯಿ ಸಿಗುತ್ತದೆ ಎಂದು ಸೇರಿಸಿದರು. ಆಮೇಲೆ ಬೆಂಚಿನ ಪಕ್ಕ ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದುಕೊಂಡಿದ್ದು, ಸಣ್ಣ ಅಕ್ಷರದಲ್ಲಿ ಬರೆದರು: ಸಂಜೆ ಐದರ ಮೇಲೆ ನೆರಳು.